ಹಣೆಯ ಚರ್ಮ ಮೂಗಾದ ಬಗೆ

ಹೊಸಪೇಟೆಯಿಂದ ಹಂಪಿಗೆ ಹೋದವರೆಲ್ಲ ಉಗ್ರನರಸಿಂಹನ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. 1528ರಲ್ಲಿ ಕೃಷ್ಣದೇವರಾಯ ಕಡೆಸಿದ ಈ ಏಕಶಿಲಾ ಮೂರ್ತಿಯ ಮೊಣಕಾಲುಗಳ ನಡುವಿನ ಯೋಗಪಟ್ಟಿಯನ್ನು ದುರಸ್ತಿಯಲ್ಲಿ ಕೂಡಿಸಲಾಗಿದೆ. ತೊಡೆಯ ಮೇಲಿದ್ದ ಲಕ್ಷ್ಮಿ ಮಾತ್ರ ಮರಳಿಲ್ಲ. ಕಲ್ಲಿನ ತೇಪೆ ಕೂತರೆ ಸಾಕು. ಜೀವಂತ ಮುಖದ ತೇಪೆಯಾದರೋ ಬದುಕಬೇಕು, ಅದಕ್ಕೆ ರಕ್ತ ಬೇಕು. ಇಂದಿನ ‘ಫೇಸ್‌ಲಿಫ್ಟ್’ ಚಿಕಿತ್ಸೆಯ ಯಶಸ್ಸೂ ನಿಂತಿರುವುದು ಇದರ ಮೇಲೆಯೇ.

ಈ ಗುಟ್ಟನ್ನು ಇಂಗ್ಲೆಂಡಿನ ವೈದ್ಯರ ಗಮನಕ್ಕೆ ತಂದದ್ದು ಮೈಸೂರು ಯುದ್ಧ. 1792ರಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್‌ಜಿ ಎಂಬಾತ ಟಿಪ್ಪುವಿನ ಸೆರೆಯಾದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ವರ್ಷದ ಬಳಿಕ ಪುಣೆಯ ಬಳಿ ಅವನಿಗೆ ಹೊಸ ಮೂಗು ಕಟ್ಟಿದವನು ಯಾವ ಪಂಡಿತನೂ ಅಲ್ಲ, ಇಟ್ಟಿಗೆ ಮಾಡುವ ಕುಲದವನು!

ಆತ ಮೊದಲು ತೆಳುವಾದ ಮೇಣದ ಹಾಳೆಯಿಂದ ಮೂಗಿನ ಅಳತೆ ತೆಗೆದ. ಅದನ್ನು ಹಣೆಯ ಮೇಲೆ ಹರಡಿ, ಸುತ್ತ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿದ. ಆದರೆ ಹುಬ್ಬುಗಳ ನಡುವೆ ಒಂದು ಸಣ್ಣ ಎಳೆಯನ್ನು ಕತ್ತರಿಸದೆ ಉಳಿಸಿದ. ಕೆಳಕ್ಕೆ ತಿರುಚಿ ತಂದ ಚರ್ಮಕ್ಕೆ ರಕ್ತ ಹರಿಯುತ್ತಿದ್ದುದು ಆ ಎಳೆಯಿಂದಲೇ. ಮೂಗಿನ ಹಳೆಯ ಗಾಯದ ಅಂಚನ್ನು ಕೆತ್ತಿ ಹಸಿ ಮಾಡಿ, ಅದಕ್ಕೆ ಚರ್ಮ ಕೂಡಿಸಿ, ನೀರಲ್ಲಿ ನೆನೆಸಿದ ಕಾಚನ್ನು ಬಟ್ಟೆಗೆ ಬಳಿದು ಕಟ್ಟಿದ. ನಾಲ್ಕು ದಿನ ಕಳೆದ ಮೇಲೆ ತುಪ್ಪದ ಪಟ್ಟಿ. ಎಳೆಯನ್ನು ಕತ್ತರಿಸಿದ್ದು ಸುಮಾರು 25ನೆಯ ದಿನ. ಎಲೆ ಅಡಿಕೆಯ ತಟ್ಟೆಯ ಕಾಚು, ಅಡುಗೆಮನೆಯ ತುಪ್ಪ: ಔಷಧ ಇಷ್ಟೇ.

1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಈ ವಿವರವನ್ನು ಚಿತ್ರದೊಂದಿಗೆ ಅಚ್ಚು ಹಾಕಿತು. ಅಲ್ಲಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಹೆಣಗಳ ಮೇಲೆ ಕೈ ಪಳಗಿಸಿಕೊಂಡು, 1814ರಲ್ಲಿ ರೋಗಿಯೊಬ್ಬನ ಮೇಲೆ ಅದನ್ನು ಮಾಡಿ ಗೆದ್ದ.

ಸುಕ್ಕು ತೆಗೆಯುವ ಆಸೆ ಬಂದದ್ದು ಬಹಳ ತಡವಾಗಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಆಗ ಕಿವಿಯ ಮುಂದೆ ಕೊಯ್ದು ಬರೀ ಚರ್ಮವನ್ನು ಎಳೆದು ಹೊಲಿಯುತ್ತಿದ್ದರು. ಅದು ಬೇಗ ಜೋಲುತ್ತಿತ್ತು. ಪ್ಯಾರಿಸ್ಸಿನ ಮಿಟ್ಜ್ ಮತ್ತು ಪೆಯ್ರೋನಿ 1976ರಲ್ಲಿ ಚರ್ಮದಡಿಯ ಸ್ನಾಯುಪೊರೆಯನ್ನು ವಿವರಿಸಿದ ಮೇಲೆ ಆ ಪೊರೆಯನ್ನೇ ಬಿಗಿಯುವ ಪದ್ಧತಿ ಬಂತು. ಚರ್ಮದ ಮೇಲೆ ಸೆಳೆತ ಕಡಿಮೆಯಾದ್ದರಿಂದ ಮುಖ ಸಹಜವಾಗಿ ಕಾಣುತ್ತದೆ, ಫಲ ಹೆಚ್ಚು ವರ್ಷ ನಿಲ್ಲುತ್ತದೆ. ಆದರೆ ಪೊರೆಯ ಕೆಳಗೇ ಮುಖದ ನರದ ಕವಲುಗಳಿವೆ. ಅವಕ್ಕೆ ಪೆಟ್ಟಾದರೆ ತುಟಿ ಸೊಟ್ಟಗಾಗಬಹುದು.

ಬೀಡಿ ಸಿಗರೇಟು ಸೇದುವವರು ವಾರಗಳ ಮೊದಲೇ ಅದನ್ನು ಬಿಡಬೇಕೆಂದು ವೈದ್ಯರು ಹೇಳುತ್ತಾರೆ. ಹೊಗೆ ರಕ್ತನಾಳಗಳನ್ನು ಕುಗ್ಗಿಸಿದರೆ, ಕಿವಿಯ ಹಿಂದೆ ಬಿಡಿಸಿದ ತೆಳು ಚರ್ಮ ಕಪ್ಪಾಗಿ ಸಾಯುತ್ತದೆ.