ಯಂತ್ರಗಳ ದುಭಾಷಿ

ಒಂದು ಯಂತ್ರವು ಕೆಟ್ಟಿತೆಂದರೆ ಅದರ ಯಾವುದೋ ಭಾಗ ಸವೆದಿರಬೇಕು, ಮುರಿದಿರಬೇಕು, ಇಲ್ಲವೇ ಸುಟ್ಟುಹೋಗಿರಬೇಕು. ಹೊಲಿಗೆಯ ಯಂತ್ರ, ಗೋಡೆಯ ಗಡಿಯಾರ, ನೀರೆತ್ತುವ ಪಂಪು ಇವುಗಳ ವಿಷಯದಲ್ಲಿ ಈ ಮಾತು ಸತ್ಯ. ಆದರೆ ಕಂಪ್ಯೂಟರಿನ ಜೊತೆಗೂಡಿ ಕೆಲಸ ಮಾಡುವ ಉಪಕರಣಗಳಲ್ಲಿ ಬೇರೊಂದು ಬಗೆಯ ಕೇಡು ಕಾಣಬರುತ್ತದೆ. ಉಪಕರಣದ ಯಾವ ಭಾಗವೂ ಕೆಟ್ಟಿರುವುದಿಲ್ಲ. ನಿನ್ನೆಯವರೆಗೆ ಅದು ಚೆನ್ನಾಗಿಯೇ ನಡೆಯುತ್ತಿತ್ತು. ಹಳೆಯ ಕಂಪ್ಯೂಟರಿನ ಬದಲಿಗೆ ಹೊಸದು ಬಂದೊಡನೆ ಅದು ನಿಶ್ಚಲವಾಗಿ ಕುಳಿತುಬಿಡುತ್ತದೆ. ಕಾಗದದ ಬರಹವನ್ನೂ ಚಿತ್ರವನ್ನೂ ಕಂಪ್ಯೂಟರಿಗೆ ಒಪ್ಪಿಸುವ ಸ್ಕ್ಯಾನರಿಗೆ ಈ ಗತಿ ಒದಗುವುದು ಹೆಚ್ಚು. ಇದಕ್ಕೆ ಕಾರಣವೇನು? ಪರಿಹಾರವುಂಟೇ?

ಮೊದಲು ಸ್ಕ್ಯಾನರಿನ ಕಾರ್ಯವಿಧಾನವನ್ನು ತಿಳಿಯುವುದು ಅಗತ್ಯ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ವಿಜ್ಞಾನಿಯು ತನ್ನ ಮೂರು ತಿಂಗಳ ಮಗುವಿನ ಭಾವಚಿತ್ರವೊಂದನ್ನು ಮೊತ್ತಮೊದಲಿಗೆ ಕಂಪ್ಯೂಟರಿಗೆ ಒಪ್ಪಿಸಿದನು. ಆ ಚಿತ್ರವು ಉದ್ದಕ್ಕೂ ಅಗಲಕ್ಕೂ 176 ಚುಕ್ಕಿಗಳಾಗಿ ಒಡೆದು ಸಂಖ್ಯೆಗಳ ರೂಪ ತಾಳಿತು. ಇಂದಿನ ಸ್ಕ್ಯಾನರಿನ ತತ್ತ್ವವೂ ಅದೇ. ಗಾಜಿನ ಹಲಗೆಯ ಮೇಲೆ ಕಾಗದವನ್ನು ಮಗುಚಿಟ್ಟರೆ ಕೆಳಗಿನಿಂದ ಒಂದು ದೀಪ ನಿಧಾನವಾಗಿ ಸಾಗುತ್ತದೆ. ಕಾಗದದಿಂದ ಮರಳಿದ ಬೆಳಕು ಕನ್ನಡಿ ಮತ್ತು ಮಸೂರಗಳ ಮೂಲಕ ಸಾಲಾಗಿ ಜೋಡಿಸಿದ ಸೂಕ್ಷ್ಮ ಸಂವೇದಕಗಳ ಮೇಲೆ ಬೀಳುತ್ತದೆ. ಮಗ್ಗದಲ್ಲಿ ಎಳೆಯ ಮೇಲೆ ಎಳೆ ಕೂಡಿ ಬಟ್ಟೆಯಾಗುವಂತೆ, ಸಾಲಿನ ಮೇಲೆ ಸಾಲು ಕೂಡಿ ಚಿತ್ರವಾಗುತ್ತದೆ. ಅಂಗುಲಕ್ಕೆ 300 ಚುಕ್ಕಿಗಳಂತೆ ಎ4 ಅಳತೆಯ ಒಂದು ಹಾಳೆಯನ್ನು ಓದಿದರೆ ಸುಮಾರು 87 ಲಕ್ಷ ಚುಕ್ಕಿಗಳಾಗುತ್ತವೆ. ಪ್ರತಿಯೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ಪ್ರತ್ಯೇಕವಾಗಿ ಹೇಳಬೇಕು.

ಇಷ್ಟೊಂದು ಸಂಖ್ಯೆಗಳನ್ನು ಕಳುಹಿಸುವ ಮೊದಲು ಸ್ಕ್ಯಾನರಿಗೆ ಆಜ್ಞೆ ದೊರೆಯಬೇಕು. ದೀಪ ಹೊತ್ತಿಸು, ಇಷ್ಟು ದೂರ ಸಾಗು, ಇಷ್ಟು ಸೂಕ್ಷ್ಮವಾಗಿ ಓದು, ಹಿಂದಿರುಗು ಎಂಬಂಥ ಆಜ್ಞೆಗಳಿಗೆ ಪ್ರತಿಯೊಬ್ಬ ತಯಾರಕನೂ ತನ್ನದೇ ಆದ ಸಂಕೇತಗಳನ್ನು ಇಟ್ಟಿರುತ್ತಾನೆ. ಕಂಪ್ಯೂಟರಿಗೆ ಆ ಸಂಕೇತಗಳು ತಿಳಿಯವು. ಆದುದರಿಂದ ಇವೆರಡರ ನಡುವೆ ಒಬ್ಬ ದುಭಾಷಿ ಬೇಕಾಗುತ್ತಾನೆ. ಈ ದುಭಾಷಿಯ ಕೆಲಸ ಮಾಡುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಹೊಸ ಕಂಪ್ಯೂಟರಿನ ಬಳಿ ಹಳೆಯ ಸ್ಕ್ಯಾನರು ಮೂಕವಾಗಲು ಬಹುಮಟ್ಟಿಗೆ ಈ ದುಭಾಷಿಯ ಗೈರುಹಾಜರಿಯೇ ಕಾರಣ.

ಹಳೆಯ ಡ್ರೈವರನ್ನೇ ಹೊಸ ಕಂಪ್ಯೂಟರಿನಲ್ಲಿ ಇಡಬಾರದೇಕೆ? ಕಂಪ್ಯೂಟರಿನ ಎಲ್ಲ ಕಾರ್ಯಗಳನ್ನೂ ನಿಯಂತ್ರಿಸುವ ಮೂಲ ತಂತ್ರಾಂಶವೊಂದಿದೆ. ಅದೇ ಆಪರೇಟಿಂಗ್ ಸಿಸ್ಟಮ್. ಹಿಂದೆ ಅದು 32 ಬಿಟ್‌ಗಳ ಲೆಕ್ಕದಲ್ಲಿ ನಡೆಯುತ್ತಿತ್ತು. ಆ ಲೆಕ್ಕದಲ್ಲಿ ಸ್ಮೃತಿಯ ಸುಮಾರು 429 ಕೋಟಿ ಸ್ಥಾನಗಳನ್ನು ಮಾತ್ರ ಗುರುತಿಸಬಹುದು. ಅದು ಸಾಲದೆ ಬಂದಾಗ 64 ಬಿಟ್‌ಗಳ ವ್ಯವಸ್ಥೆ ಬಳಕೆಗೆ ಬಂದಿತು. 64 ಬಿಟ್‌ಗಳ ವಿಂಡೋಸ್ ವ್ಯವಸ್ಥೆಯಲ್ಲಿ ಸಾಧಾರಣವಾದ ಹಳೆಯ ತಂತ್ರಾಂಶಗಳು ನಡೆಯಬಲ್ಲವು. ಆದರೆ ವ್ಯವಸ್ಥೆಯ ಒಳಗರ್ಭದಲ್ಲಿ ಕುಳಿತು ಕೆಲಸ ಮಾಡುವ ಡ್ರೈವರ್ ಮಾತ್ರ 64 ಬಿಟ್‌ಗಳದ್ದೇ ಆಗಿರಬೇಕು. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ 32 ಬಿಟ್‌ಗಳ ಆವೃತ್ತಿಯೇ ಇಲ್ಲ. ಒಳಗರ್ಭವನ್ನು ಪ್ರವೇಶಿಸುವ ಡ್ರೈವರಿಗೆ ಪ್ರಾಮಾಣಿಕತೆಯನ್ನು ದೃಢಪಡಿಸುವ ವಿದ್ಯುನ್ಮಾನ ಸಹಿಯೂ ಇರಬೇಕೆಂಬ ನಿಯಮವುಂಟು. ವಂಚಕ ತಂತ್ರಾಂಶಗಳನ್ನು ತಡೆಯಲು ಈ ನಿಯಮ ಆವಶ್ಯಕವೇ ಸರಿ. ಆದರೆ ಹಳೆಯ ಸ್ಕ್ಯಾನರಿಗಾಗಿ ಹೊಸ ಡ್ರೈವರನ್ನು ಬರೆಯುವುದರಿಂದ ತಯಾರಕನಿಗೆ ಲಾಭವಿಲ್ಲ. ಹೊಸ ಸ್ಕ್ಯಾನರನ್ನು ಮಾರುವುದರಿಂದ ಲಾಭವಿದೆ. ಆದಕಾರಣ ಎಷ್ಟೋ ಸ್ಕ್ಯಾನರುಗಳು ದುಭಾಷಿಯಿಲ್ಲದೆ ಅನಾಥವಾದವು.

ಜೋಡಣೆಯ ತಂತಿಯೂ ಕೆಲವೊಮ್ಮೆ ತೊಡಕಾಗುತ್ತದೆ. 1990ರ ದಶಕದ ಅನೇಕ ಸ್ಕ್ಯಾನರುಗಳನ್ನು ಪ್ಯಾರಲಲ್ ಪೋರ್ಟ್ ಎಂಬ 25 ರಂಧ್ರಗಳ ಅಗಲವಾದ ದ್ವಾರಕ್ಕೆ ಜೋಡಿಸುತ್ತಿದ್ದರು. ಇಂದಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಅಂಥ ದ್ವಾರವಿರುವುದಿಲ್ಲ. ಅಂಗಡಿಗಳಲ್ಲಿ ಸಿಗುವ ಅಗ್ಗದ ಪರಿವರ್ತಕಗಳು ಮುದ್ರಣಯಂತ್ರಕ್ಕಾಗಿ ಮಾಡಿದವು. ಸ್ಕ್ಯಾನರಿನ ವಿಷಯದಲ್ಲಿ ಅವು ಸಾಮಾನ್ಯವಾಗಿ ನಿಷ್ಪ್ರಯೋಜಕ. 1996ರಲ್ಲಿ ರೂಪುಗೊಂಡ ಯುಎಸ್‌ಬಿ ಜೋಡಣೆಯ ಸ್ಕ್ಯಾನರುಗಳಿಗೆ ಈ ಕಷ್ಟವಿಲ್ಲ.

ಹಳೆಯ ಸ್ಕ್ಯಾನರನ್ನು ಹೊಸ ಕಂಪ್ಯೂಟರಿಗೆ ಹೊಂದಿಸಲು ಬಯಸುವವರು ವೈದ್ಯನು ರೋಗವನ್ನು ಪರೀಕ್ಷಿಸುವಂತೆ ಕ್ರಮವಾಗಿ ಮುನ್ನಡೆಯಬೇಕು. ಸಾಗಣೆಯ ಕಾಲದಲ್ಲಿ ಒಳಭಾಗ ಅಲುಗದಿರಲೆಂದು ಹಲವು ಸ್ಕ್ಯಾನರುಗಳ ತಳದಲ್ಲಿ ಒಂದು ಬೀಗವಿರುತ್ತದೆ. ಅದನ್ನು ಮೊದಲು ಸಡಿಲಿಸಬೇಕು. ಅನಂತರ ವಿದ್ಯುತ್ತನ್ನು ಕೊಟ್ಟು, ದೀಪ ಹೊತ್ತುವುದೇ, ಒಳಗಿನ ಬಂಡಿ ಚಲಿಸುವುದೇ ಎಂದು ನೋಡಬೇಕು. ಆಮೇಲೆ ಕಂಪ್ಯೂಟರಿಗೆ ಜೋಡಿಸಬೇಕು. ಯುಎಸ್‌ಬಿಯ ಪ್ರತಿಯೊಂದು ಉಪಕರಣವೂ ತಯಾರಕನ ಗುರುತು ಮತ್ತು ಮಾದರಿಯ ಗುರುತು ಎಂಬ ಎರಡು ಸಂಖ್ಯೆಗಳನ್ನು ಕಂಪ್ಯೂಟರಿಗೆ ತಾನಾಗಿಯೇ ತಿಳಿಸುತ್ತದೆ. ಈ ಸಂಖ್ಯೆಗಳು ಕಂಡುಬಂದರೆ ತಂತಿಯೂ ದ್ವಾರವೂ ಸರಿಯಾಗಿವೆ ಎಂದರ್ಥ. ಕೊರತೆಯಿರುವುದು ಡ್ರೈವರಿನದು ಎಂದು ನಿರ್ಧರಿಸಬಹುದು.

ಡ್ರೈವರನ್ನು ಪಡೆಯಲು ಮೂರು ಮಾರ್ಗಗಳಿವೆ. ತಯಾರಕರು ಹೊಸ ವ್ಯವಸ್ಥೆಗಾಗಿ ಅದನ್ನು ಒದಗಿಸಿದ್ದಾರೆಯೇ ಎಂದು ವಿಚಾರಿಸುವುದು ಮೊದಲನೆಯದು. ಅನೇಕ ತಯಾರಕರ ಸ್ಕ್ಯಾನರುಗಳ ಭಾಷೆಯನ್ನು ಬಲ್ಲ ಸಾಮಾನ್ಯ ತಂತ್ರಾಂಶವನ್ನು ಆಶ್ರಯಿಸುವುದು ಎರಡನೆಯದು. ಬೆಲೆ ತೆತ್ತು ಪಡೆಯುವ ವ್ಯೂಸ್ಕ್ಯಾನ್ ಮತ್ತು ಲಿನಕ್ಸ್ ವ್ಯವಸ್ಥೆಯಲ್ಲಿ ಉಚಿತವಾಗಿ ದೊರೆಯುವ ಸೇನ್ ಈ ಬಗೆಯವು. ಹೊಸ ಕಂಪ್ಯೂಟರಿನೊಳಗೇ ತಂತ್ರಾಂಶದಿಂದ ಒಂದು ಕಲ್ಪಿತ ಕಂಪ್ಯೂಟರನ್ನು ನಿರ್ಮಿಸಿ, ಅದರಲ್ಲಿ ಹಳೆಯ ವ್ಯವಸ್ಥೆಯನ್ನೂ ಹಳೆಯ ಡ್ರೈವರನ್ನೂ ನೆಲೆಗೊಳಿಸುವುದು ಮೂರನೆಯದು. ಆದರೆ ಹಳೆಯ ವ್ಯವಸ್ಥೆಗಳಿಗೆ ಈಗ ರಕ್ಷಣೆಯಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಭದ್ರತೆಯ ಪರಿಷ್ಕರಣೆಗಳು 2014ರ ಏಪ್ರಿಲ್‌ನಲ್ಲಿಯೇ ನಿಂತವು. ಆದ್ದರಿಂದ ಅಂಥದನ್ನು ಅಂತರಜಾಲಕ್ಕೆ ಜೋಡಿಸದೆ ಪ್ರತ್ಯೇಕವಾಗಿಡುವುದೇ ಕ್ಷೇಮ. ಸ್ಕ್ಯಾನರಿನ ಜೊತೆ ಬಂದ ಹಳೆಯ ಸಿ.ಡಿ.ಯನ್ನೂ ಎಸೆಯಬಾರದು. ಕೆಲವು ಸ್ಕ್ಯಾನರುಗಳಿಗೆ ಕೆಲಸ ಆರಂಭಿಸುವ ಮುನ್ನ ಅದರಲ್ಲಿರುವ ಒಂದು ಸಣ್ಣ ಕಡತವನ್ನು ಉಣಿಸಬೇಕಾಗುತ್ತದೆ.

ಸೇನ್‌ನಂಥ ತಂತ್ರಾಂಶಗಳ ಹಿನ್ನೆಲೆಯಲ್ಲಿ ಒಂದು ತತ್ತ್ವವಿದೆ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರಯೋಗಶಾಲೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತಂತ್ರಜ್ಞನು ಮುದ್ರಣಯಂತ್ರವೊಂದರ ತಂತ್ರಾಂಶವನ್ನು ಸುಧಾರಿಸಲು ಬಯಸಿದನು. ಕಾಗದ ಸಿಕ್ಕಿಕೊಂಡಾಗ ಯಂತ್ರವೇ ತಿಳಿಸುವಂತಾಗಲಿ ಎಂಬುದಷ್ಟೇ ಅವನ ಆಶಯ. ಆದರೆ ತಂತ್ರಾಂಶದ ಮೂಲಬರಹ ಅವನಿಗೆ ದೊರೆಯಲಿಲ್ಲ. ಯಂತ್ರವನ್ನು ಬಳಸುವವನಿಗೆ ಅದರ ಮರ್ಮವನ್ನು ಅರಿಯುವ ಹಕ್ಕಿರಬೇಕೆಂಬ ವಿಚಾರ ಅವನಲ್ಲಿ ಬಲಿಯಲು ಈ ಪ್ರಸಂಗವೂ ಕಾರಣವಾಯಿತು. 1983ರಲ್ಲಿ ಅವನು ಗ್ನೂ ಯೋಜನೆಯನ್ನು ಘೋಷಿಸಿದನು. ಮೂಲಬರಹ ಎಲ್ಲರಿಗೂ ಮುಕ್ತವಾಗಿದ್ದರೆ, ತಯಾರಕನು ಕೈಬಿಟ್ಟ ಯಂತ್ರಕ್ಕೂ ಬೇರೊಬ್ಬರು ದುಭಾಷಿಯನ್ನು ಸಿದ್ಧಪಡಿಸಬಹುದು.

ಇದು ಕೇವಲ ಹಣದ ಉಳಿತಾಯದ ಮಾತಲ್ಲ. 2022ರ ಒಂದೇ ವರ್ಷದಲ್ಲಿ ಜಗತ್ತು ಎಸೆದ ವಿದ್ಯುತ್ ಮತ್ತು ವಿದ್ಯುನ್ಮಾನ ಉಪಕರಣಗಳ ತೂಕ ಸುಮಾರು 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಪುನರ್ಬಳಕೆಗೆ ಒಳಪಡಿಸಿದ್ದೆಂದು ದಾಖಲಾದುದು ಕಾಲು ಭಾಗಕ್ಕಿಂತಲೂ ಕಡಿಮೆ. ಹಳೆಯ ಸ್ಕ್ಯಾನರುಗಳ ಅನೇಕ ದೀಪಗಳಲ್ಲಿ ಪಾದರಸವಿದೆ. ತಿಪ್ಪೆಯಲ್ಲಿ ಒಡೆದರೆ ಅದು ಮಣ್ಣಿಗೂ ನೀರಿಗೂ ವಿಷ. ಇದಲ್ಲದೆ, ಛಾಯಾಚಿತ್ರದ ಫಿಲ್ಮುಗಳನ್ನು ಸೂಕ್ಷ್ಮವಾಗಿ ಓದಬಲ್ಲ ಕೆಲವು ಉತ್ತಮ ಸ್ಕ್ಯಾನರುಗಳ ತಯಾರಿಕೆಯೇ ಈಗ ನಿಂತಿದೆ. ಅಂಥವು ಮೂಲೆ ಸೇರಿದರೆ, ಮನೆಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿರುವ ಫಿಲ್ಮುಗಳಲ್ಲಿನ ಮದುವೆ, ಜಾತ್ರೆ, ಹಿರಿಯರ ಮುಖಗಳನ್ನು ಮತ್ತೆ ಕಾಣುವ ದಾರಿಯೂ ಕಿರಿದಾಗುತ್ತದೆ.

ಆದುದರಿಂದ ಯಂತ್ರವೊಂದು ನಿಂತಾಗ ಅದನ್ನು ಎಸೆಯುವ ಮೊದಲು, ಕೆಟ್ಟಿರುವುದು ಅದರ ದೇಹವೋ ಅಥವಾ ಕಾಣೆಯಾಗಿರುವುದು ಅದರ ದುಭಾಷಿಯೋ ಎಂದು ವಿಚಾರಿಸುವುದು ವಿವೇಕ. ದೇಹವೇ ಕೆಟ್ಟಿದ್ದರೆ ಅದನ್ನು ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಬೇಕು. ದುಭಾಷಿ ಮಾತ್ರ ಕಾಣೆಯಾಗಿದ್ದರೆ ಹುಡುಕಿ ತರಬಹುದು. ಹಾಗೆ ಹುಡುಕುವವರಿಗೆ ಯಂತ್ರದ ಜೊತೆಗೆ ಅದರ ತಿಳಿವಳಿಕೆಯೂ ದೊರೆಯುತ್ತದೆ.