ನೆಲಮಾಳಿಗೆಯ ಫ್ಯಾನು ಎಷ್ಟು ಕರೆಂಟು ತಿನ್ನುತ್ತದೆ?

ಬಂಟ್ವಾಳದ ಬಿ.ಸಿ. ರೋಡು, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಸಮತಟ್ಟಾದ ನಿವೇಶನ ಸಿಗುವುದು ಕಷ್ಟ. ಮುರಕಲ್ಲಿನ ಗುಡ್ಡದ ಬದಿ ಕಡಿದು ಕಟ್ಟಡ ಎಬ್ಬಿಸುವಾಗ ರಸ್ತೆಗಿಂತ ಕೆಳಗೆ ಒಂದು ಅಂತಸ್ತು ತಾನಾಗಿ ದಕ್ಕುತ್ತದೆ, ವಾಹನಗಳು ಅಲ್ಲಿಗಿಳಿಯುತ್ತವೆ. ಹಸಿರು ಕಟ್ಟಡದ ಪ್ರಮಾಣಪತ್ರ ಬೇಕೆಂದರೆ ಆ ಅಂತಸ್ತಿನ ಹೊಗೆ ಹೊರಹಾಕಲು ಖರ್ಚಾಗುವ ವಿದ್ಯುತ್ತಿಗೂ ಲೆಕ್ಕ ಕೊಡಬೇಕು.

ಪೆಟ್ರೋಲ್ ಎಂಜಿನ್ ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದಲೇ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ನೆಲಮಾಳಿಗೆಯ ಪಾರ್ಕಿಂಗಿನ ಗಾಳಿ ಗಂಟೆಗೆ 6 ಸಲ, ಬೆಂಕಿ ಬಿದ್ದಾಗ 12 ಸಲ ಬದಲಾಗಬೇಕು ಎನ್ನುತ್ತದೆ.

ಉದಾಹರಣೆಗೆ 1,000 ಚದರ ಮೀಟರ್ ವಿಸ್ತಾರ, 3 ಮೀಟರ್ ಎತ್ತರದ ಪಾರ್ಕಿಂಗ್ ಇದೆ ಎನ್ನಿ. ಗಂಟೆಗೆ 6 ಸಲ ಎಂದರೆ ಸೆಕೆಂಡಿಗೆ 5 ಘನ ಮೀಟರ್ ಗಾಳಿ. 400 ಪ್ಯಾಸ್ಕಲ್ ಒತ್ತಡ, ಶೇ. 50 ದಕ್ಷತೆ ಹಿಡಿದರೆ ಫ್ಯಾನಿಗೆ 4 ಕಿಲೋವಾಟ್ ಬೇಕು. ಹಗಲೂ ರಾತ್ರಿ ಓಡಿದರೆ ದಿನಕ್ಕೆ 96 ಯೂನಿಟ್, ವರ್ಷಕ್ಕೆ 35,040.

ಆದರೆ ಮಧ್ಯರಾತ್ರಿ ಅಲ್ಲಿ ಒಂದು ಸ್ಕೂಟರೂ ಓಡಾಡುವುದಿಲ್ಲ. ಫ್ಯಾನಿನ ವೇಗ ಅರ್ಧಕ್ಕಿಳಿಸಿದರೆ ಗಾಳಿ ಅರ್ಧವಾಗುತ್ತದೆ, ಅದು ಎದುರಿಸುವ ಒತ್ತಡ ಕಾಲು ಭಾಗಕ್ಕಿಳಿಯುತ್ತದೆ. ಎರಡೂ ಸೇರಿ ವಿದ್ಯುತ್ತು ಎಂಟನೇ ಒಂದು ಭಾಗ ಸಾಕು. ದಿನಕ್ಕೆ 4 ಗಂಟೆ ಪೂರ್ತಿ, ಉಳಿದ 20 ಗಂಟೆ ಅರ್ಧ ವೇಗ ಎಂದಾದರೆ 96 ಯೂನಿಟ್ 26ಕ್ಕೆ ಬರುತ್ತದೆ. ಮೋಟಾರಿನ ನಷ್ಟ ಸೇರಿದಾಗ ನಿಜದಲ್ಲಿ ಇದು ಸ್ವಲ್ಪ ಹೆಚ್ಚೇ. ಯಾವಾಗ ಇಳಿಸಬೇಕು ಎಂದು ಹೇಳುವುದು ಉಸಿರಾಡುವ ಎತ್ತರದಲ್ಲಿ ಕೂರಿಸಿದ ಮೊನಾಕ್ಸೈಡ್ ಸೆನ್ಸರ್. ಡೀಸೆಲ್ ಜೀಪು, ಪಿಕಪ್‌ಗಳು ಹೆಚ್ಚಿರುವ ಕಡೆ ನೈಟ್ರೋಜನ್ ಡೈಆಕ್ಸೈಡಿನ ಸೆನ್ಸರೂ ಬೇಕು, ಏಕೆಂದರೆ ಡೀಸೆಲಿನ ಹೊಗೆಯಲ್ಲಿ ಮೊನಾಕ್ಸೈಡ್ ಕಡಿಮೆ.

ಲೆಕ್ಕದ ಸೂಕ್ಷ್ಮ ಇರುವುದು ಹೋಲಿಕೆಯಲ್ಲಿ. ಲೀಡ್ ಎಂಬ ಹಸಿರು ಕಟ್ಟಡ ಪ್ರಮಾಣಪತ್ರಕ್ಕೆ ಕಂಪ್ಯೂಟರಿನಲ್ಲಿ ಒಂದೇ ಕಟ್ಟಡವನ್ನು ಎರಡು ಸಲ ಕಟ್ಟುತ್ತಾರೆ: ನೀವು ಕಟ್ಟಲಿರುವುದು ಒಂದು, ನಿಯಮದ ಕನಿಷ್ಠ ಮಟ್ಟದ್ದು ಇನ್ನೊಂದು. ವ್ಯತ್ಯಾಸವೇ ಉಳಿತಾಯ. ಅಮೆರಿಕದ ಆಶ್ರೇ ಸಂಸ್ಥೆಯ 90.1 ಮಾನದಂಡ 2010ರಲ್ಲಿ 30,000 ಚದರ ಅಡಿಗಿಂತ ದೊಡ್ಡ ಮುಚ್ಚಿದ ಪಾರ್ಕಿಂಗಿಗೆ ಸಾಮಾನ್ಯವಾಗಿ ಸೆನ್ಸರ್ ನಿಯಂತ್ರಣವನ್ನು ಕಡ್ಡಾಯ ಮಾಡಿತು. ಆ ಮಾನದಂಡವೇ ಕನಿಷ್ಠ ಮಟ್ಟವಾದ ಕಡೆ, ಅಷ್ಟು ದೊಡ್ಡ ಪಾರ್ಕಿಂಗಾದರೆ, ಕನಿಷ್ಠ ಮಟ್ಟದ ಕಟ್ಟಡದಲ್ಲೂ ಸೆನ್ಸರ್ ಇರಲೇಬೇಕು. ಅಲ್ಲಿ ಫ್ಯಾನು 24 ಗಂಟೆ ಓಡುತ್ತದೆಂದು ಬರೆದು ಸೆನ್ಸರಿನಿಂದ ಇಷ್ಟು ಯೂನಿಟ್ ಉಳಿಸಿದೆ ಎನ್ನುವುದು ಸುಳ್ಳು ಲೆಕ್ಕ.

ನಮ್ಮ ಇಳಿಜಾರು ಇದಕ್ಕಿಂತ ದೊಡ್ಡ ಅವಕಾಶ ಕೊಡುತ್ತದೆ. ಆಶ್ರೇಯ 62.1 ಮಾನದಂಡದ ಪ್ರಕಾರ ಎರಡು ಅಥವಾ ಹೆಚ್ಚು ಬದಿಗಳು ಕನಿಷ್ಠ ಅರ್ಧದಷ್ಟು ಹೊರಗೆ ತೆರೆದಿದ್ದರೆ ಹೊಗೆ ಎಳೆಯುವ ಫ್ಯಾನೇ ಬೇಕಿಲ್ಲ. ಗುಡ್ಡಕ್ಕೆ ಒರಗಿದ ಒಂದು ಬದಿ ಮುಚ್ಚಿದರೂ ತಗ್ಗಿನ ಕಡೆ ಮತ್ತು ಪಕ್ಕ ತೆರೆದಿಡಬಹುದು. ಮಳೆಯ ಎರಚಲಿಗೆ ಅಗಲವಾದ ಸಜ್ಜೆ, ಒಳಬಂದ ನೀರಿಗೆ ಇಳಿಜಾರಿನ ಚರಂಡಿ ಕೊಟ್ಟರೆ ಸಾಕು. ಆಮೇಲೆ ಗೋದಾಮಿಗೋ ಅಂಗಡಿಗೋ ಆ ಬದಿಗೆ ಗೋಡೆ ಎಬ್ಬಿಸಿದರೆ ಮಾತ್ರ ಪ್ರಮಾಣಪತ್ರದ ಅಂಕಿಗಳೂ ಒಳಗಿನವರ ಉಸಿರೂ ಕೆಡುತ್ತವೆ. ಹಾಗಾಗಿ ತೆರೆದ ಬದಿ ಎಷ್ಟು ಚದರ ಮೀಟರ್ ಎಂಬುದನ್ನು ನಕ್ಷೆಯಲ್ಲೇ ನಮೂದಿಸಿ, ಅದನ್ನು ಮುಚ್ಚುವಂತಿಲ್ಲ ಎಂದು ಮಾಲೀಕರ ಒಪ್ಪಂದದಲ್ಲಿ ಬರೆಸಬೇಕು.