ಬಲೆ ಕೊಳ್ಳುವ ಮುಂಚೆ ಕಣ್ಣು ಎಣಿಸಿ

ಮೊದಲ ಸಲ ಟೊಮೆಟೊ ಸಸಿ ನಾನೇ ಬೆಳೆಸ್ಕೊಳ್ಳೋಣ ಅಂತ ಹೊರಟಾಗ ಪೇಟೆಯ ಅಂಗಡಿಯಲ್ಲಿ "ಹಸಿರು ನೆಟ್ ಕೊಡಿ" ಅಂದೆ, ಅಷ್ಟೇ. ಎಷ್ಟು ಪರ್ಸೆಂಟ್‌ದು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೊಟ್ಟಿದ್ದು 75ರದ್ದು. ಸಸಿ ಎತ್ತರಕ್ಕೇನೋ ಬಂತು, ನೋಡಿ ಹಿಗ್ಗಿದೆ. ಆದರೆ ಕಾಂಡ ದಾರದ ಹಾಗಿತ್ತು. ನಾಟಿ ಮಾಡಿದ ಎರಡನೇ ದಿನದ ಬಿಸಿಲಿಗೆ ಅರ್ಧಕ್ಕರ್ಧ ಮಲಗಿಬಿಟ್ಟವು.

ಆ ಪರ್ಸೆಂಟ್ ಅನ್ನೋದು ಬಲೆ ಎಷ್ಟು ಬಿಸಿಲನ್ನು ತಡೆಯುತ್ತೆ ಅನ್ನೋ ಲೆಕ್ಕ. 75 ಅಂದರೆ ಮುಕ್ಕಾಲು ಪಾಲು ಹೊರಗೇ ಉಳೀತು. ಬೆಳಕು ಸಾಲದ ಸಸಿ ಅದನ್ನು ಹುಡುಕಿಕೊಂಡು ಉದ್ದಕ್ಕೆ ಏಳುತ್ತೆ, ಗಟ್ಟಿಯಾಗಲ್ಲ. ತರಕಾರಿ ಸಸಿಗೆ 35ರಿಂದ 50 ಸಾಕು. ನಾಟಿಗೆ ಒಂದು ವಾರ ಇದೆ ಅನ್ನುವಾಗ ಪರದೆಯನ್ನು ದಿನಾ ಸ್ವಲ್ಪ ಹೊತ್ತು ಸರಿಸಿ, ನೀರನ್ನೂ ಕೊಂಚ ಕಡಿಮೆ ಮಾಡಿ, ಬಿಸಿಲಿಗೆ ರೂಢಿ ಮಾಡಿಸಿ. ನನ್ನ 75ರ ನೆಟ್ ಈಗ ಎರೆಗೊಬ್ಬರದ ತೊಟ್ಟಿ ಮೇಲೆ, ಕೊಟ್ಟಿಗೆಯ ಪಡುವಣ ಬದಿಯಲ್ಲಿ ನೆಮ್ಮದಿಯಾಗಿದೆ.

ಇನ್ನೊಂದು ತಪ್ಪು ತಿಳಿವಳಿಕೆ: ನೆರಳು ಪರದೆ ಹಾಕಿದರೆ ಹುಳ ಬರಲ್ಲ ಅನ್ನೋದು. ಬಿಳಿ ನೊಣಕ್ಕೆ ಅದು ಹೆಬ್ಬಾಗಿಲು. ಟೊಮೆಟೊ ಎಲೆ ಮುಟುರು ರೋಗದ ನಂಜನ್ನು ಹೊತ್ತು ತರುವುದು ಇದೇ ನೊಣ. ಸಸಿ ಹಂತದಲ್ಲೇ ನಂಜು ತಗುಲಿದರೆ ಆ ಗಿಡದಿಂದ ಹೆಚ್ಚು ನಿರೀಕ್ಷಿಸಬೇಡಿ. ನಂಜಿಗೆ ಔಷಧಿ ಇಲ್ಲ, ನೀವು ಸಿಂಪಡಿಸೋದೆಲ್ಲ ನೊಣಕ್ಕೆ ಮಾತ್ರ. ಹಾಗಾಗಿ ಸಸಿಮಡಿಗೆ ಬೇಕಾದ್ದು ಬಿಳಿ ಕೀಟ ತಡೆ ಬಲೆ, ಕನಿಷ್ಠ 40 ಮೆಶ್, 50 ಆದರೆ ಇನ್ನೂ ಒಳ್ಳೇದು. 40 ಮೆಶ್ ಅಂದರೆ ಇಂಚಿಗೆ 40 ಕಣ್ಣು. ಅಂಗಡಿಯವರ ಮಾತು ನಂಬಬೇಡಿ: ಬಲೆ ಮೇಲೆ ಸ್ಕೇಲ್ ಇಟ್ಟು ಫೋನಿನಲ್ಲಿ ಹತ್ತಿರದಿಂದ ಫೋಟೊ ತೆಗೀರಿ, ಜೂಮ್ ಮಾಡಿ ಎಣಿಸಿ. ಉದ್ದಕ್ಕೂ ಎಣಿಸಿ, ಅಡ್ಡಕ್ಕೂ ಎಣಿಸಿ. ಕೆಲವು ಬಲೆಗಳಲ್ಲಿ ಒಂದು ಕಡೆ 50 ಇದ್ದರೆ ಇನ್ನೊಂದು ಕಡೆ ಅದರ ಅರ್ಧ ಇರುತ್ತೆ.

ಕಣ್ಣು ಸಣ್ಣದಾದಷ್ಟೂ ಗಾಳಿ ಆಡೋದು ಕಡಿಮೆ, ಒಳಗೆ ಸೆಕೆ. ಅದಕ್ಕೇ ಚಪ್ಪರ ಎತ್ತರ ಇರಲಿ. ಅಂಚನ್ನು ಮಣ್ಣಲ್ಲಿ ಹೂಳಿ. ಥ್ರಿಪ್ಸ್ 40 ಮೆಶ್‌ನಲ್ಲಿ ನುಸುಳಿ ಬರುತ್ತೆ, ಅದಕ್ಕೆ ಬೇರೆ ಕಣ್ಗಾವಲು ಬೇಕು.

ಹೀರೆ, ಹಾಗಲ, ಸೌತೆಗೆ ಬಳ್ಳಿ ಹಬ್ಬಿಸುವ ಬಲೆ ಕೊಳ್ಳುವಾಗ ಒಂದೇ ಪರೀಕ್ಷೆ: ನಿಮ್ಮ ಕೈ ಕಾಯಿ ಹಿಡಿದುಕೊಂಡೇ ಕಣ್ಣಿನಿಂದ ಆಚೆ ಬರಬೇಕು.

ಹಕ್ಕಿ ಬಲೆ ವಿಚಾರಕ್ಕೆ ಸ್ವಲ್ಪ ನಿಲ್ತೀನಿ. ಸೂರ್ಯಕಾಂತಿ, ಜೋಳ, ದ್ರಾಕ್ಷಿಗೆ ಇದು ಬೇಕೇ ಬೇಕು. ಆದರೆ ಸಡಿಲ ಬಿಟ್ಟು ನೆಲಕ್ಕೆ ಇಳಿಬಿಟ್ಟರೆ ಅದರಲ್ಲಿ ಸಿಕ್ಕಿಕೊಳ್ಳೋದು ಕೇರೆ ಹಾವು, ಅಂದರೆ ನಿಮ್ಮ ಹೊಲದ ಇಲಿ ಹಿಡಿಯುವ ಪುಕ್ಕಟೆ ಆಳು. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ಅಂಚು ನೆಲದಿಂದ ಒಂದಡಿ ಮೇಲಿರಲಿ, ಕೊಯ್ಲಾದ ತಕ್ಷಣ ಸುತ್ತಿಡಿ. ಹಾವು ಸಿಕ್ಕಿಬಿದ್ದಿದ್ದರೆ ನೀವು ಕೈ ಹಾಕಬೇಡಿ. ಕೇರೆಯೋ ನಾಗರವೋ ಅಂತ ದೂರದಿಂದ ಹೇಳೋಕಾಗಲ್ಲ. ಹಾವು ಹಿಡಿಯೋರನ್ನೋ ಅರಣ್ಯ ಇಲಾಖೆಯವರನ್ನೋ ಕರೆಸಿ.

ಕೊನೆಗೆ, ಬೆಳೆಗೆ ಸಂಬಂಧವೇ ಇಲ್ಲದ ಒಂದು ಬಲೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ ಇದ್ದರೆ ದಯವಿಟ್ಟು ಇದನ್ನು ಈ ವಾರವೇ ಮಾಡಿ. ಪಾಚಿ ಕಟ್ಟಿದ ಹಾಳೆ ಮೇಲೆ ಈಜು ಬಲ್ಲವನಿಗೂ ಕಾಲು ನಿಲ್ಲಲ್ಲ, ಹಿಡಿಯೋಕೆ ಏನೂ ಸಿಗಲ್ಲ. ಮೋಟಾರು ನೋಡೋಕೆ ಒಬ್ಬರೇ ಹೋದವರು, ಆಡೋಕೆ ಹೋದ ಮಕ್ಕಳು ಹೀಗೇ ಹೋಗಿಬಿಡ್ತಾರೆ. ದಪ್ಪ ನೈಲಾನ್ ಹಗ್ಗದಲ್ಲಿ ಗೇಣಗಲದ ಕಣ್ಣಿನ ಬಲೆ ಹೆಣೆದು, ಮೇಲೆ ಗಟ್ಟಿ ಗೂಟಕ್ಕೆ ಕಟ್ಟಿ ನೀರಿನೊಳಕ್ಕೆ ತಳದ ತನಕ ಇಳಿಬಿಡಿ, ನಾಲ್ಕೂ ಬದಿಯಲ್ಲಿ. ಹತ್ತೋರಿಗೆ ಅದೇ ಏಣಿ. ಹಳೇ ಮೀನು ಬಲೆ ಮಾತ್ರ ಬೇಡ, ಅದರ ಸಣ್ಣ ಎಳೆಗೆ ಕೈಕಾಲು ತೊಡರಿಕೊಳ್ಳುತ್ತೆ. ನಾನು ನಮ್ಮ ಹೊಂಡಕ್ಕೆ ಕಟ್ಟಿದ್ದು ಹಳೇ ಬೋರ್‌ವೆಲ್ ಹಗ್ಗದಿಂದ. ಎರಡು ಸಂಜೆಯ ಕೆಲಸ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಒಂದೊಂದು ಗಂಟನ್ನೂ ಎಳೆದು ನೋಡ್ತೀನಿ, ಬಿಸಿಲಿಗೆ ಹಿಟ್ಟಾದ ಹಗ್ಗ ಬದಲಾಯಿಸ್ತೀನಿ.